‘ಅಸಲು ವಾಪಸ್’ ಪೆನ್ಶನ್: ಆನ್ಯುಟಿಯ ಬೆಲೆ ಕಟ್ಟುವ ಲೆಕ್ಕ

ಮೈಸೂರಿಗೆ ಹೋಗಿದ್ದಾಗ ಭಾವ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದರು. ಖಾಸಗಿ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದು 2026ರ ಜನವರಿಯಲ್ಲಿ ನಿವೃತ್ತರಾದವರು. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಯಲ್ಲಿ ಹತ್ತಿರ ಹತ್ತಿರ 25 ಲಕ್ಷ ಸೇರಿದೆ. ಅದರಲ್ಲಿ ಒಂದು ಪಾಲಿಗೆ ವಿಮಾ ಕಂಪನಿಯಿಂದ ಪೆನ್ಶನ್, ಅಂದರೆ ಆನ್ಯುಟಿ, ಕೊಳ್ಳಬೇಕು. ಯಾವುದನ್ನು ಕೊಳ್ಳೋದು ಅನ್ನೋದೇ ತಲೆಬಿಸಿ.

ಪರದೆ ಮೇಲೆ ಒಂದು ಪಟ್ಟಿ ಇತ್ತು. 10 ಲಕ್ಷ ಕೊಟ್ಟರೆ ವರ್ಷಕ್ಕೆ ಎಷ್ಟು ಬರುತ್ತೆ ಅಂತ ಒಂದೊಂದು ಆಯ್ಕೆಗೂ ಒಂದೊಂದು ಅಂಕಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಹೇಳ್ತೀನಿ. ಭಾವ ಬದುಕಿರುವ ತನಕ ಮಾತ್ರ ಸಾಕು ಅಂದರೆ 82,000. ಅವರ ನಂತರ ಅಕ್ಕನಿಗೂ ಅಷ್ಟೇ ಬರಬೇಕು ಅಂದರೆ 75,000. ಭಾವನಿಗೆ ಕೊನೇ ತನಕ ಪೆನ್ಶನ್, ಅವರ ನಂತರ ಹತ್ತು ಲಕ್ಷವೂ ಮನೆಯವರಿಗೆ ವಾಪಸ್ ಅಂದರೆ 65,000. ಭಾವನ ಬೆರಳು ಈ ಕೊನೆಯ ಸಾಲಿನ ಮೇಲಿತ್ತು.

"ಅಲ್ಲಯ್ಯ, ಮೊದಲನೇದು ತಗೊಂಡು ನಾನು ಎರಡೇ ವರ್ಷಕ್ಕೆ ಹೋದರೆ? ಹತ್ತು ಲಕ್ಷಾನೂ ಅವರ ಪಾಲು. ಇದರಲ್ಲಾದರೆ ಅಸಲು ಎಲ್ಲಿಗೂ ಹೋಗಲ್ಲ" ಅಂದರು.

ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಜೀವಮಾನವಿಡೀ ಕೂಡಿಟ್ಟ ದುಡ್ಡು ಕೈಬಿಟ್ಟು ಹೋಗುತ್ತೆ ಅನ್ನೋ ಭಯ ಸಹಜವೇ. ಆದರೆ ಅಸಲು ವಾಪಸ್ ಬರೋದಕ್ಕೆ ನಾವು ಎಷ್ಟು ತೆರುತ್ತೇವೆ ಅನ್ನೋದನ್ನು ಆ ಪಟ್ಟಿ ಹೇಳಲ್ಲ. ಅದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಈಗ ಈ ಲೆಕ್ಕ ಹಾಕಲೇಬೇಕಾದ ಕಾಲ ಬಂದಿದೆ. ಎನ್‌ಪಿಎಸ್‌ನಲ್ಲಿ 60 ತುಂಬಿ ಹೊರಬರುವಾಗ ಶೇ 40ರಷ್ಟು ಹಣಕ್ಕೆ ಆನ್ಯುಟಿ ಕೊಳ್ಳೋದು ಕಡ್ಡಾಯವಾಗಿತ್ತು. 2025ರ ಡಿಸೆಂಬರ್‌ನಲ್ಲಿ ಪಿಂಚಣಿ ಪ್ರಾಧಿಕಾರ ಸರ್ಕಾರಿ ನೌಕರರಲ್ಲದವರಿಗೆ ಇದನ್ನು ಶೇ 20ಕ್ಕೆ ಇಳಿಸಿತು. ಒಟ್ಟು 8 ಲಕ್ಷದ ಒಳಗಿದ್ದರೆ ಎಲ್ಲವನ್ನೂ ಕೈಗೇ ತಗೊಳ್ಳಬಹುದು. ಸರ್ಕಾರಿ ನೌಕರರಿಗೆ ಮಾತ್ರ ಶೇ 40 ಹಾಗೇ ಉಳಿದಿದೆ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ಶಿಕ್ಷಕರು, ಗುಮಾಸ್ತರು ಎಲ್ಲರೂ ಈ ಲೆಕ್ಕದೊಳಗೆ ಬರುತ್ತಾರೆ. ಖಾಸಗಿಯವರು ಸುದ್ದಿ ಕೇಳಿ ಖುಷಿಪಟ್ಟರು. "ಆನ್ಯುಟಿ ಪೀಡೆ ಅರ್ಧಕ್ಕರ್ಧ ತಪ್ಪಿತು" ಅಂತ ಭಾವನ ಗೆಳೆಯರ ಗುಂಪಿನಲ್ಲಿ ಮೆಸೇಜುಗಳು ಓಡಾಡಿದವಂತೆ. ನನಗೆ ಅಷ್ಟು ಖುಷಿಯಾಗಲಿಲ್ಲ. ಯಾಕೆ ಅಂತ ಹೇಳ್ತೀನಿ.

ಆನ್ಯುಟಿಗೆ ನಮ್ಮಲ್ಲಿ ಒಂದು ಹಳೆಯ ಪದ ಇದೆ: ವರ್ಷಾಸನ. ವರ್ಷ ವರ್ಷ ತಪ್ಪದೆ ಬರುವ ಕಾಸು. ಇವತ್ತು ಒಂದು ಗಂಟು ಕೊಟ್ಟು, ಬದುಕಿರುವ ತನಕ ವರ್ಷಾಸನ ಪಡೆಯೋದು. ವ್ಯವಹಾರ ಇಷ್ಟೇ. ಅದಕ್ಕೆ ಬೆಲೆ ಕಟ್ಟೋದು ಹೇಗೆ?

ಕಂಪನಿಯವರು ಎರಡು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಈ ದುಡ್ಡಿಗೆ ನಮಗೆ ಎಷ್ಟು ಬಡ್ಡಿ ಹುಟ್ಟುತ್ತೆ? ಈ ಮನುಷ್ಯ ಎಷ್ಟು ವರ್ಷ ಇರುತ್ತಾನೆ? ಮಿಕ್ಕಿದ್ದೆಲ್ಲ ಖರ್ಚು, ಲಾಭ, ಒಂದಿಷ್ಟು ಮುನ್ನೆಚ್ಚರಿಕೆ.

ಬಡ್ಡಿ ಶೇ 7 ಅಂತ ಇಟ್ಟುಕೊಳ್ಳಿ. ಇಪ್ಪತ್ತು ವರ್ಷದ ನಂತರ ಭಾವನಿಗೆ ಒಂದು ಲಕ್ಷ ಕೊಡಬೇಕಾದರೆ ಕಂಪನಿ ಇವತ್ತು ಎತ್ತಿಡಬೇಕಾದ್ದು 25,800 ರೂಪಾಯಿ ಮಾತ್ರ. ಉಳಿದದ್ದನ್ನು ಬಡ್ಡಿ ಬೆಳೆಸುತ್ತೆ. ಆದರೆ 80ನೇ ವಯಸ್ಸಿಗೆ ಭಾವ ಇದ್ದರೆ ತಾನೇ ಕೊಡಬೇಕು? ಈಗ 60 ಆದ ನೂರು ಜನರಲ್ಲಿ 80ಕ್ಕೆ 60 ಜನ ಉಳಿಯುತ್ತಾರೆ ಅಂತ ಒಂದು ಮಾತಿಗೆ ಇಟ್ಟುಕೊಂಡರೆ, ಒಬ್ಬೊಬ್ಬರ ಹೆಸರಲ್ಲಿ 15,500 ಎತ್ತಿಟ್ಟರೆ ಸಾಕು. 90ನೇ ವರ್ಷದ ಒಂದು ಲಕ್ಷಕ್ಕೆ, ಆಗ ನೂರರಲ್ಲಿ 25 ಜನ ಇರ್ತಾರೆ ಅಂದರೆ, ಬರೀ 3,300. ಹೀಗೆ 61, 62, 63 ಅಂತ ಒಂದೊಂದು ವರ್ಷದ ಕಂತಿಗೂ ಇವತ್ತಿನ ಬೆಲೆ ಕಟ್ಟಿ ಎಲ್ಲ ಕೂಡಿಸಿದರೆ ಅದೇ ಆನ್ಯುಟಿಯ ಬೆಲೆ.

ಆ 3,300ರ ಮೇಲೆ ಒಂದು ನಿಮಿಷ ನಿಲ್ಲಿ. ತೊಂಬತ್ತರ ವಯಸ್ಸಲ್ಲಿ ಕೈ ಖಾಲಿಯಾದರೆ ಏನು ಗತಿ ಅನ್ನೋದು ನಿವೃತ್ತರ ದೊಡ್ಡ ಹೆದರಿಕೆ. ಆ ವಯಸ್ಸಿನ ಒಂದು ಲಕ್ಷವನ್ನು ಸ್ವಂತ ಉಳಿತಾಯದಿಂದ ಹೊಂದಿಸೋಕೆ ಇವತ್ತು 13,100 ಎತ್ತಿಡಬೇಕು. ನೂರು ಜನರ ಜೊತೆ ಸೇರಿದರೆ ಅದರ ಕಾಲು ಭಾಗ ಸಾಕು. ಆನ್ಯುಟಿ ಅನ್ನೋದು ಹುಟ್ಟಿಕೊಂಡದ್ದೇ ಇದಕ್ಕೆ.

ಈಗ ಭಾವನ ಬೆರಳಿದ್ದ ಸಾಲಿಗೆ ಬರೋಣ.

ಭಾವ ಇನ್ನು ಸರಿಯಾಗಿ 20 ವರ್ಷ ಇರ್ತಾರೆ ಅನ್ನೋಣ. ಖರ್ಚು, ಲಾಭ ಎಲ್ಲ ಪಕ್ಕಕ್ಕಿಡಿ. 10 ಲಕ್ಷವನ್ನು ಶೇ 7ರ ಬಡ್ಡಿಯಲ್ಲಿ 20 ವರ್ಷಕ್ಕೆ ಪೂರ್ತಿ ಹಂಚಿದರೆ ವರ್ಷಕ್ಕೆ 94,400 ಬರುತ್ತೆ. ಇದು ಅಸಲು ವಾಪಸ್ ಇಲ್ಲದ ಪೆನ್ಶನ್. ಇನ್ನು ಅಸಲು ವಾಪಸ್ ಬೇಕು ಅಂದರೆ, 20 ವರ್ಷದ ನಂತರ ಕೊಡಬೇಕಾದ 10 ಲಕ್ಷಕ್ಕೆ ಇವತ್ತೇ 2.58 ಲಕ್ಷ ಎತ್ತಿಡಬೇಕು. ಉಳಿದ 7.42 ಲಕ್ಷವನ್ನು 20 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸರಿಯಾಗಿ 70,000.

70,000 ಅಂದರೆ 10 ಲಕ್ಷದ ಶೇ 7. ಅಂದರೆ ಬರೀ ಬಡ್ಡಿ. ಭಾವ 20 ವರ್ಷದ ಬದಲು 5 ವರ್ಷ ಇರಲಿ, 35 ವರ್ಷ ಇರಲಿ, ಈ ಅಂಕಿ ಬದಲಾಗಲ್ಲ. ಅವರ ಆಯಸ್ಸಿಗೂ ಈ ಬೆಲೆಗೂ ಸಂಬಂಧವೇ ಇಲ್ಲ. ಅದಕ್ಕೇ ಅಸಲು ವಾಪಸ್ ಆಯ್ಕೆಯಲ್ಲಿ 50 ವರ್ಷದವರಿಗೂ 65 ವರ್ಷದವರಿಗೂ ಹೆಚ್ಚುಕಡಿಮೆ ಒಂದೇ ದರ ಕಾಣುತ್ತೆ. ಹೆಸರು ವಿಮೆ. ಒಳಗಿರೋದು ದೀರ್ಘಾವಧಿ ಠೇವಣಿ. ಅದರಲ್ಲೂ ಖರ್ಚು, ಲಾಭ ಕಳೆದು ಕೈಗೆ ಬರೋದು 7 ಅಲ್ಲ, ಆರೂವರೆ.

ಶೇ 7 ಹುಟ್ಟುತ್ತೆ ಅಂದೆನಲ್ಲ, ಅದು ಹುಟ್ಟೋದು ಎಲ್ಲಿಂದ? ಹೆಚ್ಚಿನ ಪಾಲು ಸರ್ಕಾರದ ದೀರ್ಘಾವಧಿ ಬಾಂಡ್‌ಗಳಿಂದ. 60ರವರು 95ರ ತನಕ ಇರಬಹುದು. 35 ವರ್ಷ ಒಂದೇ ಪೆನ್ಶನ್ ಕೊಡ್ತೀನಿ ಅಂತ ಇವತ್ತು ಮಾತು ಕೊಟ್ಟ ಕಂಪನಿಗೆ ಅಷ್ಟೇ ಉದ್ದಕ್ಕೆ ಬಡ್ಡಿ ತರುವ ಬಾಂಡ್ ಬೇಕು. ಹತ್ತು ವರ್ಷದ ಬಾಂಡ್ ಹಿಡಿದು ಕೂತರೆ, ಅದು ಮುಗಿಯೋ ಹೊತ್ತಿಗೆ ಬಡ್ಡಿ ಇಳಿದಿದ್ದರೆ ನಷ್ಟ. ವಿಮಾ ಕಂಪನಿಗಳ ಇಂಥ ಬೇಡಿಕೆ ಇದ್ದುದರಿಂದಲೇ 2023ರ ನವೆಂಬರ್‌ನಲ್ಲಿ ಭಾರತ ಮೊದಲ ಬಾರಿಗೆ 50 ವರ್ಷದ ಸರ್ಕಾರಿ ಬಾಂಡ್ ಹೊರಡಿಸಿತು. ಬಡ್ಡಿ ಶೇ 7.46, ಮುಗಿಯೋದು 2073ಕ್ಕೆ. ಆನ್ಯುಟಿ ದರ ನೋಡುವವರು ಎಫ್‌ಡಿ ಬಡ್ಡಿಯನ್ನಲ್ಲ, ಇಂಥ ಬಾಂಡ್‌ಗಳ ಬಡ್ಡಿಯನ್ನು ನೋಡಬೇಕು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಅಲ್ಪಾವಧಿ ಸಾಲ ಕೊಡುವ ಬಡ್ಡಿಯನ್ನು, 6.5ರಿಂದ 5.25ಕ್ಕೆ ಇಳಿಸಿತು. ಉದ್ದದ ಬಾಂಡ್‌ಗಳ ಬಡ್ಡಿ ಅಷ್ಟೇನೂ ಇಳಿಯಲಿಲ್ಲ.

ಅಂಥದೇ ಬಾಂಡನ್ನು ಭಾವನೇ ಕೊಳ್ಳಬಹುದು. 2021ರ ನವೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ಇದೆ. ಸಾಮಾನ್ಯ ಜನರೂ 30, 40 ವರ್ಷದ ಸರ್ಕಾರಿ ಬಾಂಡ್ ತಗೊಳ್ಳಬಹುದು. ಆರು ತಿಂಗಳಿಗೊಮ್ಮೆ ಬಡ್ಡಿ ಬರುತ್ತೆ, ಬಾಂಡ್ ಮಕ್ಕಳಿಗೆ ಹೋಗುತ್ತೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ 2023ರ ಏಪ್ರಿಲ್‌ನಿಂದ ಶೇ 8.2 ಕೊಡುತ್ತಿದೆ, ಒಬ್ಬರಿಗೆ 30 ಲಕ್ಷದ ತನಕ. ಅಸಲೂ ಉಳಿಯಬೇಕು, ಬಡ್ಡಿಯೂ ಬರಬೇಕು ಅನ್ನುವವರಿಗೆ ಇವು ಇರುವಾಗ ಆರೂವರೆಯ ಆನ್ಯುಟಿ ಯಾಕೆ?

ಒಂದು ಮಾತು ಅದರ ಪರವಾಗಿ ಹೇಳಲೇಬೇಕು. ಅಂಚೆ ಕಚೇರಿಯ ಬಡ್ಡಿ ಐದು ವರ್ಷಕ್ಕೆ ಮಾತ್ರ ಗಟ್ಟಿ. ಆನ್ಯುಟಿಯದು ಆಯಸ್ಸಿಡೀ ಗಟ್ಟಿ. 2003ರಲ್ಲಿ ಕೇಂದ್ರ ಸರ್ಕಾರ ವರಿಷ್ಠ ಪೆನ್ಶನ್ ಬಿಮಾ ಯೋಜನೆಯಲ್ಲಿ ಶೇ 9 ಕೊಟ್ಟಿತ್ತು. 2017ರ ವಯ ವಂದನಾ ಯೋಜನೆಯಲ್ಲಿ ಅದು 8 ಆಯಿತು. 2020ರಲ್ಲಿ 7.4. 2023ರ ಮಾರ್ಚ್ ಕೊನೆಗೆ ಆ ಯೋಜನೆಯೇ ನಿಂತಿತು. 2003ರಲ್ಲಿ ತಗೊಂಡವರು ಇವತ್ತಿಗೂ ನೆಮ್ಮದಿಯಾಗಿದ್ದಾರೆ. ಬಡ್ಡಿ ಇಳಿಯುವ ಕಾಲದಲ್ಲಿ ಈ ಗಟ್ಟಿತನಕ್ಕೆ ಬೆಲೆ ಇದೆ. ಆದರೆ ಆ ಗಟ್ಟಿತನ 40 ವರ್ಷದ ಬಾಂಡಿನಲ್ಲೂ ಸಿಗುತ್ತೆ ಅನ್ನೋದನ್ನು ಮರೆಯಬಾರದು.

ಹಾಗಾದರೆ ಆನ್ಯುಟಿಯಲ್ಲಿ ಮಾತ್ರ ಸಿಗುವಂಥದ್ದು ಏನು? ಚೀಟಿ ವ್ಯವಹಾರ ಗೊತ್ತಿರುವವರಿಗೆ ಇದು ಬೇಗ ಹಿಡಿಸುತ್ತೆ. 75 ವರ್ಷದ ನೂರು ಜನ ತಲಾ ಒಂದು ಲಕ್ಷ ಹಾಕಿ ಒಂದು ಕೂಟ ಕಟ್ಟಿದರು ಅನ್ನಿ. ಒಟ್ಟು ನೂರು ಲಕ್ಷ. ವರ್ಷದ ಕೊನೆಗೆ ಬಡ್ಡಿ ಸೇರಿ 107 ಲಕ್ಷ. ಅಷ್ಟರೊಳಗೆ ಐದು ಜನ ತೀರಿಕೊಂಡರು ಅನ್ನಿ. ಉಳಿದ 95 ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ 1,12,600. ಹುಟ್ಟುವಳಿ ಶೇ 12.6. ಯಾವ ಬ್ಯಾಂಕೂ, ಯಾವ ಬಾಂಡೂ ಇಷ್ಟು ಕೊಡಲ್ಲ. ಅದೇ 85 ವರ್ಷದವರ ಕೂಟದಲ್ಲಿ ಹತ್ತು ಜನ ಹೋದರೆ ಉಳಿದವರಿಗೆ ಶೇ 18.9. ಅರವತ್ತರವರ ಕೂಟದಲ್ಲಿ ಒಬ್ಬರು ಮಾತ್ರ ಹೋದರೆ ಶೇ 8.1.

ಈಗ ಅದೇ 75ರ ಕೂಟದಲ್ಲಿ "ಹೋದವರ ದುಡ್ಡು ಬಡ್ಡಿ ಸಮೇತ ಅವರ ಮನೆಗೆ ವಾಪಸ್" ಅಂತ ನಿಯಮ ಮಾಡಿ. 107 ಲಕ್ಷದಲ್ಲಿ 5.35 ಲಕ್ಷ ಆಚೆ ಹೋಯಿತು. ಉಳಿದ 101.65 ಲಕ್ಷವನ್ನು 95 ಜನ ಹಂಚಿಕೊಂಡರೆ ತಲಾ 1,07,000. ಮತ್ತೆ ಅದೇ ಶೇ 7. ಕೂಟ ಕಟ್ಟಿದ್ದೇ ದಂಡ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಭಾವ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತರು.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ನಮ್ಮಲ್ಲಿ ಜನ ಆನ್ಯುಟಿಯನ್ನು ಬೈಯೋದು ಅದು ಕಡಿಮೆ ಕೊಡುತ್ತೆ ಅಂತ. ಆದರೆ ಅದು ಕಡಿಮೆ ಕೊಡೋದಕ್ಕೆ ದೊಡ್ಡ ಕಾರಣ, ಅದರ ಜೀವಾಳವನ್ನೇ ತೆಗೆದುಹಾಕಿದ ರೂಪವನ್ನು ನಾವು ಕೊಳ್ಳೋದು. ಅದನ್ನು ಕೊಂಡು, ಅದು ಠೇವಣಿಯಷ್ಟೂ ಕೊಡಲ್ಲ ಅಂತ ಬೇಸರಪಟ್ಟುಕೊಳ್ಳುತ್ತೇವೆ. ಮಾರುವವರೂ ಬಾಯಿ ಬಿಡಲ್ಲ. ನನ್ನ ಪರಿಚಯದ ಒಬ್ಬ ಏಜೆಂಟ್ ಭಾವನಿಗೆ ಆ ಸಾಲನ್ನು ತೋರಿಸಿದ್ದೇ "ಎರಡೂ ಕಡೆ ಲಾಭ ಸಾರ್" ಅಂತ. ನನಗೆ ನಿಜವಾಗಿಯೂ ಸಿಟ್ಟು ಬಂತು. ಅರವತ್ತು ದಾಟಿದವರಿಗೆ ಇದೊಂದು ಸಲ ತಪ್ಪಿದರೆ ತಿದ್ದಿಕೊಳ್ಳೋಕೆ ಕಾಲ ಇರಲ್ಲ, ಅಲ್ವಾ?

ಎರಡನೇ ಪ್ರಶ್ನೆಗೆ ಬರೋಣ: ಎಷ್ಟು ವರ್ಷ ಇರ್ತಾರೆ? ಹುಟ್ಟಿದಾಗಿನ ಸರಾಸರಿ ಆಯಸ್ಸು ನಮ್ಮ ದೇಶದಲ್ಲಿ ಸುಮಾರು 70. ಅದನ್ನು ನೋಡಿ ಭಾವ "ಇನ್ನು ಹತ್ತು ವರ್ಷ" ಅಂದುಕೊಂಡಿದ್ದರು. ಆ ಲೆಕ್ಕದಲ್ಲಿ ಎಳೆಯ ವಯಸ್ಸಲ್ಲಿ ಹೋದವರೂ ಸೇರಿದ್ದಾರೆ. 60 ದಾಟಿದವರಿಗೆ ಮುಂದೆ ಸರಾಸರಿ 18 ವರ್ಷದಷ್ಟು ಆಯಸ್ಸಿದೆ. ಅದೂ ಸರಾಸರಿ. ಅರ್ಧದಷ್ಟು ಜನ ಅದನ್ನೂ ದಾಟುತ್ತಾರೆ. ಆನ್ಯುಟಿ ಕೊಳ್ಳುವವರಂತೂ ಇನ್ನೂ ಜಾಸ್ತಿ ಬದುಕುತ್ತಾರೆ. ಗಟ್ಟಿಮುಟ್ಟಾಗಿರುವವರು, ತಂದೆ ತಾಯಿ ತೊಂಬತ್ತು ಕಂಡವರು, ಒಳ್ಳೆ ಆಸ್ಪತ್ರೆಗೆ ಹೋಗುವಷ್ಟು ಅನುಕೂಲ ಇರುವವರೇ ಇದನ್ನು ಕೊಳ್ಳೋದು. ಅದಕ್ಕೇ ವಿಮೆಯ ಲೆಕ್ಕ ಹಾಕುವ ಆಕ್ಚುವರಿಗಳು ಇವರಿಗೆ ಬೇರೆಯೇ ಮರಣ ಕೋಷ್ಟಕ (ಯಾವ ವಯಸ್ಸಲ್ಲಿ ಎಷ್ಟು ಜನ ತೀರಿಕೊಳ್ಳುತ್ತಾರೆ ಅನ್ನೋ ಪಟ್ಟಿ) ಇಟ್ಟುಕೊಂಡಿದ್ದಾರೆ. ಭಾರತದ ಈಗಿನ ಆನ್ಯುಟಿದಾರರ ಕೋಷ್ಟಕ 2012-15ರ ಅನುಭವದ ಮೇಲೆ ಮಾಡಿದ್ದು, 2021ರ ಏಪ್ರಿಲ್‌ನಿಂದ ಬಳಕೆಯಲ್ಲಿದೆ. ಅದರ ಮುಂಚೆ ಎಲ್‌ಐಸಿಯ 1996-98ರ ಅನುಭವದ ಕೋಷ್ಟಕವೇ ಗತಿಯಾಗಿತ್ತು.

ವಯಸ್ಸು ನೋಡದೆ ಬೆಲೆ ಕಟ್ಟಿದರೆ ಏನಾಗುತ್ತೆ ಅನ್ನೋದಕ್ಕೆ ಹಳೆಯ ಕತೆ ಒಂದಿದೆ. 1770ರ ದಶಕದಲ್ಲಿ ಫ್ರಾನ್ಸಿನ ರಾಜ ಸಾಲ ಎತ್ತೋಕೆ ಜೀವಾವಧಿ ವರ್ಷಾಸನ ಮಾರುತ್ತಿದ್ದ. ಮಗುವಿಗೂ ಮುದುಕರಿಗೂ ಒಂದೇ ದರ. ಜಿನೀವಾದ ಬ್ಯಾಂಕಿನವರು ಇದನ್ನು ಗಮನಿಸಿದರು. ಸಿಡುಬು ಬಂದು ವಾಸಿಯಾದ, ಒಳ್ಳೆ ಮನೆತನದ ಪುಟ್ಟ ಹುಡುಗಿಯರನ್ನು ಆರಿಸಿ, ಅವರ ಆಯಸ್ಸಿನ ಮೇಲೆ ವರ್ಷಾಸನ ಕೊಂಡರು. ಮೂವತ್ತು ಹುಡುಗಿಯರ ಕೂಟ ಮಾಡಿ ಪಾಲುಗಳನ್ನು ಊರಿನವರಿಗೆ ಮಾರಿದರು. ಹುಡುಗಿಯರಿಗೆ ನೆಗಡಿಯಾದರೂ ಊರೇ ವಿಚಾರಿಸಿಕೊಳ್ಳುತ್ತಿತ್ತು. ಅವರ ಲೆಕ್ಕ ಸರಿಯಾಗೇ ಇತ್ತು, ಹುಡುಗಿಯರು ಬಾಳಿದರು. ಆದರೆ ಕ್ರಾಂತಿ ಬಂತು, ಕಾಗದದ ನೋಟಿನ ಬೆಲೆ ಪಾತಾಳಕ್ಕೆ ಹೋಯಿತು. ಆಯಸ್ಸು ಉಳಿಯಿತು, ವರ್ಷಾಸನಕ್ಕೆ ಬೆಲೆ ಉಳಿಯಲಿಲ್ಲ.

ಈ ಪಾಠ ಕಲಿಯೋಕೆ ಫ್ರಾನ್ಸಿನ ತನಕ ಹೋಗಬೇಕಾಗಿಲ್ಲ. ಭೂ ಸುಧಾರಣೆಯಲ್ಲಿ ಉಳುವವರ ಪಾಲಾದ ದೇವಸ್ಥಾನದ ಜಮೀನಿಗೆ ಬದಲಾಗಿ ನಮ್ಮ ಸರ್ಕಾರ ವರ್ಷಾಸನ ಕಟ್ಟಿಕೊಟ್ಟಿತು. ಎಷ್ಟೋ ಹಳ್ಳಿಗಳಲ್ಲಿ ಅಂದು ನಿಗದಿಯಾದ ಮೊತ್ತ ಇವತ್ತು ದೀಪದ ಎಣ್ಣೆಗೂ ಸಾಲದು. ಅರ್ಚಕರು ಕೇಳಿ ಕೇಳಿ, ಸರ್ಕಾರಗಳು ಆಗಾಗ ತಸ್ತೀಕ್ (ದೇವಸ್ಥಾನಕ್ಕೆ ಸರ್ಕಾರ ವರ್ಷ ವರ್ಷ ಕೊಡುವ ಹಣ) ಏರಿಸುತ್ತಾ ಬಂದಿವೆ. 2022ರ ಬಜೆಟ್‌ನಲ್ಲಿ ಅದು ವರ್ಷಕ್ಕೆ 48,000ದಿಂದ 60,000 ಆಯಿತು. ದೇವಸ್ಥಾನದ ಪರ ಕೇಳೋಕೆ ಊರಿದೆ. ವಿಮಾ ಕಂಪನಿಯ ಜೊತೆ ಭಾವ ಮಾಡಿಕೊಳ್ಳುವ ಒಪ್ಪಂದದ ಮೊತ್ತ ಯಾರು ಕೇಳಿದರೂ ಏರಲ್ಲ.

65,000 ಅಂದರೆ ತಿಂಗಳಿಗೆ 5,400. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ, 20 ವರ್ಷದ ನಂತರ ಆ 5,400ಕ್ಕೆ ಇವತ್ತಿನ 2,000 ರೂಪಾಯಿಯ ಸಾಮಾನು ಬರುತ್ತೆ. ವಾಪಸ್ ಬರುವ ಹತ್ತು ಲಕ್ಷವೂ ಅಷ್ಟೇ, ಇವತ್ತಿನ 3.8 ಲಕ್ಷಕ್ಕೆ ಸಮ. ವರ್ಷ ವರ್ಷ ಏರುವ ಪೆನ್ಶನ್ನೂ ಸಿಗುತ್ತೆ. ಎಲ್‌ಐಸಿಯ ಜೀವನ್ ಅಕ್ಷಯ್ 7ರಲ್ಲಿ ಶೇ 3ರಂತೆ ಏರುವ ಆಯ್ಕೆ ಇದೆ. ಆದರೆ ಅದು ಸರಳ ಏರಿಕೆ. ಮೊದಲ ವರ್ಷದ ಪೆನ್ಶನ್ ಮೇಲೆ ಲೆಕ್ಕ, ಚಕ್ರಬಡ್ಡಿಯಂತೆ ಬೆಳೆಯಲ್ಲ. ಶುರುವಿನ ಮೊತ್ತವೂ ಕಡಿಮೆ. ಬೆಲೆ ಏರಿಕೆಯ ಜೊತೆಗೇ ಏರುವ ಆನ್ಯುಟಿಯನ್ನು ಈ ಪಟ್ಟಿಯಲ್ಲಿ ಹುಡುಕಿದರೆ ಸಿಗಲ್ಲ. ಇದು ದೊಡ್ಡ ಕೊರತೆ. ಹಾಗಾಗಿ ಎಲ್ಲ ಗಂಟನ್ನೂ ಆನ್ಯುಟಿಗೆ ಸುರಿಯೋದು ನನ್ನ ಸಲಹೆಯಲ್ಲ.

ತೆರಿಗೆಯ ವಿಷಯ ಬೇಗ ಮುಗಿಸ್ತೀನಿ. ಬರುವ ಪೆನ್ಶನ್ ಪೂರ್ತಿ ಆದಾಯ ಅಂತಲೇ ಲೆಕ್ಕ, ಅದರಲ್ಲಿ ನಿಮ್ಮದೇ ಅಸಲಿನ ಪಾಲಿದ್ದರೂ. ಇದು ನನಗೆ ನ್ಯಾಯ ಅನ್ನಿಸಲ್ಲ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದ ಆದಾಯದವರೆಗೆ ತೆರಿಗೆ ಇಲ್ಲದ ಕಾರಣ ಹೆಚ್ಚಿನವರಿಗೆ ಇದು ತಟ್ಟಲ್ಲ.

ಹಾಗಾದರೆ ಮಾಡೋದೇನು? ನನ್ನ ಲೆಕ್ಕ ಹೀಗೆ. ಕೂಟದ ಲಾಭ ಅರವತ್ತಕ್ಕೆ ಚಿಕ್ಕದು, ಎಪ್ಪತ್ತೈದಕ್ಕೆ ದೊಡ್ಡದು. ಹಾಗಾಗಿ ಅಸಲು ವಾಪಸ್ ಇಲ್ಲದ ಆನ್ಯುಟಿಯನ್ನು ತಡವಾಗಿ ಕೊಂಡಷ್ಟೂ ಒಳ್ಳೇದು. ಎನ್‌ಪಿಎಸ್‌ನಲ್ಲಿ 60ಕ್ಕೇ ಹೊರಬರಬೇಕು ಅಂತೇನಿಲ್ಲ. ಹೊಸ ನಿಯಮದಲ್ಲಿ 85ರ ತನಕ ಖಾತೆ ಇಟ್ಟುಕೊಳ್ಳಬಹುದು. ಅಲ್ಲಿಯ ತನಕ ಕೈಯಲ್ಲಿರುವುದು ಅಂಚೆ ಕಚೇರಿಯಲ್ಲಿ, ಬಾಂಡಿನಲ್ಲಿ, ಸ್ವಲ್ಪ ಷೇರು ನಿಧಿಯಲ್ಲಿ ದುಡಿಯಲಿ. ಎಪ್ಪತ್ತು ದಾಟಿದ ಮೇಲೆ ಅಕ್ಕಿ, ಬೇಳೆ, ಔಷಧಿ, ಕರೆಂಟ್ ಬಿಲ್ಲಿಗೆ ಆಗುವಷ್ಟು ಮಾತ್ರ ಆನ್ಯುಟಿ ಕೊಳ್ಳಿ. ಆ ವಯಸ್ಸಲ್ಲಿ ಬಾಂಡು, ಬಡ್ಡಿ ಅಂತ ಓಡಾಡೋಕೆ, ಲೆಕ್ಕ ಇಡೋಕೆ ಆಗಲ್ಲ ಅನ್ನೋದೂ ಒಂದು ಕಾರಣ. ತಿಂಗಳಿಗೆ ಸರಿಯಾಗಿ ಖಾತೆಗೆ ಬೀಳುವ ದುಡ್ಡಿಗೆ ಆಗ ಬೇರೆಯೇ ತೂಕ. ಗಂಭೀರ ಕಾಯಿಲೆ ಇರುವವರು ಮಾತ್ರ ಒಬ್ಬರ ಆಯಸ್ಸಿನ ಆನ್ಯುಟಿ ಕೊಳ್ಳಬೇಡಿ. ಬ್ರಿಟನ್‌ನಲ್ಲಿ ಅಂಥವರಿಗೆ ಜಾಸ್ತಿ ಪೆನ್ಶನ್ ಕೊಡುವ ಪದ್ಧತಿ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ವಯಸ್ಸು ನೋಡಿಯೇ ಬೆಲೆ ಕಟ್ಟುತ್ತಾರೆ.

ಶೇ 20ರ ನಿಯಮ ನನಗೆ ಪೂರ್ತಿ ಖುಷಿ ಕೊಡದಿರೋದೂ ಇದಕ್ಕೇ. ಕಡ್ಡಾಯ ಕಡಿಮೆಯಾದರೆ ಉಳಿದ ದುಡ್ಡು ಬಾಂಡಿಗೆ ಹೋಗುವ ಮನೆಗಳೂ ಇವೆ. ಮಗಳ ಮದುವೆಗೋ, ಮಗನ ಸೈಟಿಗೋ ಹೋಗುವ ಮನೆಗಳು ಇನ್ನೂ ಜಾಸ್ತಿ. ಇನ್ನೊಂದು ತೊಡಕೂ ಇದೆ. ಇಷ್ಟಪಟ್ಟವರು ಮಾತ್ರ ಕೊಳ್ಳುವಂತಾದರೆ ಕೂಟದಲ್ಲಿ ಗಟ್ಟಿಮುಟ್ಟಾದವರೇ ತುಂಬಿಕೊಳ್ಳುತ್ತಾರೆ. ಆಗ ಕಂಪನಿ ಎಲ್ಲರಿಗೂ ದರ ಇಳಿಸುತ್ತೆ. ಎಲ್ಲರೂ ಸೇರಿದರೆ ಮಾತ್ರ ಕೂಟದ ಬೆಲೆ ಚೆನ್ನಾಗಿರುತ್ತೆ.

ನಾವು ಇಷ್ಟೆಲ್ಲ ಮಾತಾಡುವಾಗ ಅಕ್ಕ ಒಳಗಿನಿಂದ ಕಾಫಿ ತಂದಿಟ್ಟು ಪಟ್ಟಿ ನೋಡಿದಳು. "ಇದರಲ್ಲಿ ನನಗೆಷ್ಟು ಬರುತ್ತೆ?" ಅಂದಳು. ಅಕ್ಕ ಭಾವನಿಗಿಂತ ಐದು ವರ್ಷ ಚಿಕ್ಕವಳು. ಅವಳ ತಾಯಿ, ಅಂದರೆ ನಮ್ಮಮ್ಮ, 88ಕ್ಕೂ ತಾನೇ ಹೂ ಕಟ್ಟುತ್ತಾಳೆ. ಭಾವ ಬೆರಳಿಟ್ಟಿದ್ದ ಸಾಲಿನಲ್ಲಿ ಪೆನ್ಶನ್ ಭಾವನ ಜೊತೆಗೇ ನಿಲ್ಲುತ್ತೆ. ಅಕ್ಕನ ಕೈಗೆ ಬರೋದು ಬೆಲೆ ಸವೆದ ಹತ್ತು ಲಕ್ಷ, ಅದನ್ನು ಎಲ್ಲಿಡಬೇಕು ಅನ್ನೋ ಚಿಂತೆಯ ಸಮೇತ. ಆಗ ಲೆಕ್ಕ ಮತ್ತೆ ಹಾಕಿದೆವು. ಇಬ್ಬರಲ್ಲಿ ಕೊನೆಯವರು 28 ವರ್ಷ ಇರ್ತಾರೆ ಅಂದರೂ, ಅದೇ ಶೇ 7ರಲ್ಲಿ 10 ಲಕ್ಷಕ್ಕೆ ವರ್ಷಕ್ಕೆ 82,400 ಹೊಂದುತ್ತೆ. ಕಂಪನಿ ಖರ್ಚು, ಮುನ್ನೆಚ್ಚರಿಕೆ ಎಲ್ಲ ಕಳೆದು 75,000 ತೋರಿಸುತ್ತಿದೆ. ಅಸಲು ವಾಪಸ್ ಆಯ್ಕೆಗಿಂತ ಹತ್ತು ಸಾವಿರ ಜಾಸ್ತಿ, ಅದೂ ಇಬ್ಬರ ಆಯಸ್ಸಿಗೂ.

ಭಾವ ಆವತ್ತು ಯಾವ ಬಟನ್ನೂ ಒತ್ತಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ 60, 65, 70, 75 ಅಂತ ಬರೆದು, ಎದುರಿಗೆ ಇಬ್ಬರ ಹೆಸರಿನ ದರಗಳನ್ನು ಒಂದೊಂದಾಗಿ ತುಂಬಿಸಿದರು. ಆ ಹಾಳೆ ಈಗ ಅವರ ಬ್ಯಾಂಕ್ ಪಾಸ್‌ಬುಕ್ಕಿನೊಳಗೆ ಮಡಚಿಕೊಂಡಿದೆ. ಅದರ ಮೇಲೆ ಅಕ್ಕನ ಕೈಬರಹದಲ್ಲಿ ಒಂದು ಸಾಲು: "ಬರುವ ಯುಗಾದಿಗೆ ಮತ್ತೆ ನೋಡಬೇಕು."